ನೆದರ ತಗದ್ರ ಘಾಟ ಬಂತು

ಗೆಳತ್ಯಾರ, ಇವತ್ತ ನಮ್ಮಜ್ಜಿ ನನಗ ನೆದರ ತಗದಳು. ಒಂದು ತಿಂಗಳಾತು, ನನಗ ಊಟ ಬ್ಯಾಡ, ಮಾತ ಬ್ಯಾಡ, ಮುಂಜಾನೆ ಹಾಸಿಗಿ ಬಿಟ್ಟು ಏಳಾಕೂ ಮನಸ್ಸಿಲ್ಲ.

"ಹದಿನೈದು ವರ್ಷದ ಹುಡುಗಿ, ಮುಲ್ಕಿ ಪರೀಕ್ಷಾ ಪಾಸಾಗ್ಯಾಳ. ಸೂಡಿ ಊರಿಗೆ ಮದುವಿಗೆ ಚಕ್ಕಡ್ಯಾಗ ಹೋದಾಗ ಯಾರದೋ ಕಣ್ಣ ಬಿದ್ದೈತಿ" ಅಂತ ಅಜ್ಜಿ ಏಳು ಮೆಣಸಿನಕಾಯಿ, ಒಂದು ಹಿಡಿ ಉಪ್ಪು ನನ್ನ ಮುಂದ ಇಳಿಸಿ ಒಲಿಗೆ ಹಾಕಿದಳು. ನೆದರ ಆಗಿದ್ರ ಘಾಟ ಬರೂದಿಲ್ಲಂತ.

ಘಾಟ ಹೆಂಗ ಬಂತಂದ್ರ, ಅಪ್ಪ ಕೆಮ್ಮಕೋತ ಅಂಗಳಕ್ಕ ಓಡಿದ, ಅವ್ವ ರೊಟ್ಟಿ ಬಿಟ್ಟು ಹಿತ್ತಲಕ್ಕ ಓಡಿದಳು, ಎಮ್ಮಿ ಸೀನಿತು.

"ಮೆಣಸಿನಕಾಯಿನ ಸರಿ ಇಲ್ಲ" ಅಂದಳು ಅಜ್ಜಿ.

"ಮೆಣಸಿನಕಾಯಿ ಭಾಳ ಚಲೋ ಅದಾವವ್ವಾ, ನೆದರನ ಆಗಿಲ್ಲ" ಅಂದ ಅಪ್ಪ ಹೊರಗಿಂದ.

ಅಜ್ಜಿ ಕಣ್ಣ ಒರಸಿಕೋತ ನನ್ನ ಮಗ್ಗಲಕ್ಕ ಕುಂತಳು. "ಹಂಗಾರ ಏನಾಗೈತಿ ನಿನಗ?"

ತಿಂಗಳಿಂದ ಯಾರೂ ಕೇಳಿರಲಿಲ್ಲ. "ಗೊತ್ತಿಲ್ಲಜ್ಜಿ, ಸುಮ್ಮಸುಮ್ಮನ ಅಳು ಬರತೈತಿ" ಅಂದೆ.

"ಈಗ ಅತ್ತಬಿಡು. ಮನಿ ಮಂದಿ ಎಲ್ಲಾರ ಕಣ್ಣಾಗೂ ನೀರೈತಿ, ಯಾರಿಗೂ ಗೊತ್ತಾಗೂದಿಲ್ಲ."

ಅತ್ತೆ. ಸಂಜಿಗೆ ಒಂದು ರೊಟ್ಟಿ ತಿಂದೆ. ಅಜ್ಜಿ ಆಗಲೇ ಓಣಿ ತುಂಬ ಹೇಳಿ ಬಂದಾಳ, ನೆದರ ಇಳೀತಂತ.