ಉಡಿ ತುಂಬಿದ ಮೇಲೆ ಗಂಟು ಬಿಚ್ಚಲಿಲ್ಲ

ನನ್ನ ಮೊಮ್ಮಗಳಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಕಾಲೇಜು ಬಿಟ್ಟು ಬರುವಾಗ ಹೊಸಪೇಟೆಯ ಬೈಪಾಸಿನಲ್ಲಿ ಅದಿರಿನ ಲಾರಿ ಅವಳ ಸ್ಕೂಟಿಗೆ ಗುದ್ದಿತು. ಅದಕ್ಕಾಗಿ ಅಳುವುದೆಲ್ಲ ಆಗಲೇ ಅತ್ತು ಮುಗಿಸಿದ್ದೇವೆ, ಇಲ್ಲಿ ಮತ್ತೆ ಅಳಲು ಹೋಗುವುದಿಲ್ಲ. ಕಟ್ಟುಗಾಲು ಹಾಕಿಕೊಂಡು ನಡೆಯುತ್ತಾಳೆ. ಹೆಚ್ಚು ಹೊತ್ತು ನಿಂತರೆ ಉಜ್ಜಿ ಹುಣ್ಣಾಗುತ್ತದೆ. ಊರೊಳಗೆ ಅವಳ ಓದಿಗೆ ಸಿಗುವ ಕೆಲಸವೆಲ್ಲ ನಿಂತು ಮಾಡುವವೇ. ಕೇಳಿ ಕೇಳಿ ಸಾಕಾಗಿ ಅವಳು ಫೋನಿನಲ್ಲಿ ಅಂಗಡಿ ತೆರೆದಳು. ಮಾಲಿನ ಫೋಟೋ ಹಾಕುವುದು, ಯಾವುದೋ ಊರಿನವರು ಬೇಕು ಎಂದರೆ ಕವರಿನಲ್ಲಿ ಕಟ್ಟಿ ಕಳಿಸುವುದು. ಕುಳಿತಲ್ಲೇ ಆಗುವ ಕೆಲಸ.

ನನ್ನ ಮಗ, ಅಂದರೆ ಅವಳ ಅಪ್ಪ, ಇದಕ್ಕೆ ಬೇಡವೆನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ಮಾತು ತೆಗೆದ.

"ಕಂಪ್ಲ್ಯಾಗ ಒಂದು ಸಂಬಂಧ ಐತಿ. ಅಕ್ಕಿ ಗಿರಣ್ಯಾಗ ಮೇಸ್ತ್ರಿ. ಹೆಂಡ್ತಿ ತೀರಿಕೊಂಡಾಳ, ಎರಡು ಮಕ್ಕಳದಾವ. ಕಾಲಿನ ವಿಷಯ ಹೇಳೀನಿ, ಆದ್ರೂ ಹೂಂ ಅಂದಾರ."

"ಮಕ್ಕಳಿಗೆ ಆಯಾ ಬೇಕಾಗ್ಯಾಳ ಅವ್ರಿಗೆ," ಎಂದಳು ಇವಳು.

"ಹಂಗ್ಯಾಕಂತಿ?"

"ಮತ್ತೇನನ್ಲಿ ಅಪ್ಪ? ಕುಂಟಿ ಬೇಕಾಗ್ಯಾಳ ಅನ್ಲಾ?"

ಮಗ ತಟ್ಟೆಯ ಅನ್ನ ಕಲಸಿದ. ಕೊನೆಗೆ ಹೇಳಿದ: "ಬರೋ ವರ್ಷದ ಯುಗಾದಿ ತನಕ ನಿನ್ನ ಅಂಗಡಿ ನಡಸು. ನಿಂತು ಹೋತು ಅಂದ್ರ ನಾ ಹೇಳಿದ ಕಡೆ ಕುತ್ತಿಗಿ ಕೊಡಬೇಕು." ಇವಳು ಆಗಲಿ ಎಂದಳು. ಅವನು ಕೆಟ್ಟ ಅಪ್ಪನೇನಲ್ಲ. ನಾವು ಸತ್ತ ಮೇಲೆ ಇವಳನ್ನು ನೋಡುವವರು ಯಾರು ಎಂಬುದೊಂದೇ ಅವನ ತಲೆಯಲ್ಲಿತ್ತು. ಆದರೂ ಆ ದಿನದಿಂದ ಮನೆಗೆ ಬರುವ ಪ್ರತಿಯೊಂದು ಗಂಟಿನಲ್ಲೂ ಕಂಪ್ಲಿ ಕುಳಿತಿರುತ್ತಿತ್ತು.

ಮಾರುವುದು ಕಷ್ಟವಲ್ಲ. ಜನ ಏನು ಬೇಕಾದರೂ ಕೊಳ್ಳುತ್ತಾರೆ. ಸಗಟಿನಲ್ಲಿ ಮಾಲು ಕೊಡುವ ನಂಬಿಗಸ್ತರು ಸಿಗುವುದೇ ಕಷ್ಟ. ಮೊದಲು ಒಬ್ಬನನ್ನು ಫೋನಿನಲ್ಲೇ ಹಿಡಿದಳು, ಬಲು ದೂರದ ಊರಿನವನು. ನೋಡಲೆಂದು ಕಳಿಸಿದ ಚೂಡಿದಾರ ಮುಟ್ಟಿದರೆ ಜಾರುವಂತಿತ್ತು. ದುಡ್ಡು ಹೋದ ಮೇಲೆ ಬಂದ ಮೂಟೆಯಲ್ಲಿ ಕಂಕುಳು ಹರಿದವು, ಬಣ್ಣ ಬಿಟ್ಟವು, ತೋಳು ಒಂದು ಉದ್ದ ಒಂದು ಗಿಡ್ಡ ಇದ್ದವು. ಫೋನು ಮಾಡಿದರೆ ಎತ್ತುವವರಿಲ್ಲ. ಅವನ ಅಂಗಡಿ ಎಲ್ಲಿದೆಯೋ, ಇದೆಯೋ ಇಲ್ಲವೋ, ಯಾರಿಗೆ ಗೊತ್ತು.

"ಮುಖ ನೋಡದವನ ಕೂಡ ಯಾಪಾರ ಮಾಡಬ್ಯಾಡ," ಎಂದೆ.

"ಮುಖ ನೋಡಿ ಮೋಸ ಹೋದ್ರ ಪರವಾಗಿಲ್ಲೇನು?"

"ಬೈಯಾಕಾದ್ರೂ ಸಿಗ್ತಾನಲ್ಲ."

ಎರಡನೆಯವನು ಹೊಸಪೇಟೆಯ ಬಜಾರಿನವನು. ಹಂಪಿಯ ಅಂಗಡಿಗಳಿಗೆ ಚೀಲ, ದಿಂಬಿನ ಕವರು, ಗೋಡೆಗೆ ಹಾಕುವ ಬಟ್ಟೆ ಸಗಟಿನಲ್ಲಿ ಕೊಡುತ್ತಿದ್ದ. ಇವನಿಂದ ಒಂದು ಸಲ ಕಟ್ಟಿಟ್ಟದ್ದನ್ನೇ ಬಿಚ್ಚಿ ನೋಡದೆ ತಂದು ಕಳಿಸಿದಳು. ಅರ್ಧ ಮಾಲು ವಾಪಸ್ಸು ಬಂತು. ಫೋನಿನಲ್ಲಿ ಅಂಗಡಿಗೆ ಜಾಗ ಕೊಟ್ಟ ಕಂಪನಿಯವರು ಎಚ್ಚರಿಕೆ ಕಳಿಸಿದರು: ಇನ್ನೊಮ್ಮೆ ಹೀಗಾದರೆ ನಿಮ್ಮ ಅಂಗಡಿ ಶಾಶ್ವತವಾಗಿ ಮುಚ್ಚುತ್ತೇವೆ.

ಅಲ್ಲಿಂದ ಮುಂದೆ ನಾನೇ ಜೊತೆಗೆ ಹೋಗತೊಡಗಿದೆ. ನಾನು ಹರೆಯದಲ್ಲಿ ಸಂಡೂರಿನ ಗುಡ್ಡದಲ್ಲಿ ಅದಿರು ಆರಿಸಿದವಳು. ಬುಟ್ಟಿಯ ತಳಕ್ಕೆ ಕಲ್ಲು ಹಾಕಿ ಮೇಲೆ ಅದಿರು ಹರಡುವವರನ್ನು ದಿನವೂ ನೋಡಿದ್ದೇನೆ. ಅಂಗಡಿಯಲ್ಲಿ ನೆಲದ ಮೇಲೆ ಕುಳಿತು ಗಂಟು ಬಿಚ್ಚಿಸಿ, ಒಂದೊಂದೇ ಚೀಲ ಒಳಮೈ ಹೊರಗೆ ಮಾಡಿ, ಹೊಲಿಗೆ ಎಳೆದು ನೋಡುತ್ತಿದ್ದೆ. ಆ ಅಂಗಡಿಯವನಿಗೆ ಮೈ ಉರಿಯುತ್ತಿತ್ತು.

"ಏನಜ್ಜೀ, ಮದಿವಿಗೆ ಹೆಣ್ಣು ನೋಡಿದಂಗ ನೋಡಾಕತ್ತೀರಲ್ರಿ?"

"ಹೆಣ್ಣಾಗಿದ್ರ ಇಷ್ಟು ನೋಡ್ತಿರ್ಲಿಲ್ಲಪ. ಹೆಣ್ಣು ವಾಪಸ್ ಬರಂಗಿಲ್ಲ, ಚೀಲ ಬರ್ತೈತಿ."

ಅವನು ನಕ್ಕ. ಮಾಲು ಮಾತ್ರ ಸುಧಾರಿಸಲಿಲ್ಲ. ಅವನು ಕೈಕೆಲಸವೆಂದು ಕೊಡುತ್ತಿದ್ದದ್ದು ಮಶೀನಿನ ಕಸೂತಿ, ಕನ್ನಡಿಯೆಂದು ಕೊಡುತ್ತಿದ್ದದ್ದು ಅಂಟಿಸಿದ ಪ್ಲಾಸ್ಟಿಕ್ಕು. ಅವನನ್ನು ಬಿಟ್ಟೆವು.

ಹಾಗಾದರೆ ಹೊಲಿಯುವವರನ್ನೇ ಹುಡುಕೋಣವೆಂದು ಬಸ್ಸು ಹತ್ತಿ ಹಂಪಿಗೆ ಹೋದೆವು. ಬಿಸಿಲಲ್ಲಿ ಮೊಮ್ಮಗಳು ಕುಂಟುತ್ತ, ನಾನು ಬೈಯುತ್ತ, ಬಂದವರಿಗೆ ಚೀಲ ತೋರಿಸುವ ಲಂಬಾಣಿ ಹೆಂಗಸರನ್ನು ಮಾತಾಡಿಸುತ್ತ ಹೊರಟೆವು. ಒಬ್ಬಾಕೆ ತಾನೇ ಗಂಟು ಬಿಚ್ಚಿ ನಮ್ಮ ಮುಂದೆ ಸುರಿದಳು. ನನ್ನ ಸೊಸೆಯ ವಯಸ್ಸಿನವಳು. ಸಂಡೂರಿನ ಕಡೆಯ ತಾಂಡಾದವಳು, ಅಲ್ಲಿ ಹೆಂಗಸರನ್ನು ಕೂಡಿಸಿಕೊಂಡು ಹೊಲಿಸುತ್ತಿದ್ದಳು.

"ತಿರುವಿ ನೋಡ್ರಿ, ಜಗ್ಗಿ ನೋಡ್ರಿ. ನೋಡ್ದ ಒಯ್ದು ಆಮ್ಯಾಲೆ ನನ್ನ ಬೈಬ್ಯಾಡ್ರಿ ಮತ್ತ."

ತಿರುವಿದೆ, ಜಗ್ಗಿದೆ. ಕನ್ನಡಿಯ ಸುತ್ತ ದಾರ ಹಲ್ಲು ಕಚ್ಚಿದಂತೆ ಹಿಡಿದಿತ್ತು. ನನಗೆ ಮಾಲಿಗಿಂತ ಅವಳ ಇನ್ನೊಂದು ಗುಣ ಹಿಡಿಸಿತು. ಅವಳಿಗೆ ಇಲ್ಲ ಎನ್ನಲು ಬರುತ್ತಿತ್ತು. ಮೊಮ್ಮಗಳು ಫೋನು ಮಾಡಿ ಇಷ್ಟು ಚೀಲ ಬೇಕು ಎಂದರೆ, "ಆಗಂಗಿಲ್ರಿ. ಹುಡುಗೇರ ಕೈ ಸೋತಾವ. ಅರ್ಧ ಕೊಡ್ತೀನಿ, ಬೇಕಾದ್ರ ತಗೋರಿ, ಬ್ಯಾಡಾದ್ರ ಬಿಡ್ರಿ," ಎನ್ನುತ್ತಿದ್ದಳು. ವ್ಯಾಪಾರದಲ್ಲಿ ಎಲ್ಲದಕ್ಕೂ ಹೂಂ ಎನ್ನುವವನು ಕಳ್ಳ. ಇವಳು ಹಾಗಿರಲಿಲ್ಲ.

ಬೇಸಿಗೆ ಕಳೆಯಿತು, ಮಳೆ ಬಿತ್ತು. ಚೀಲಗಳು ಹೋದವು, ವಾಪಸ್ಸು ಬರಲಿಲ್ಲ. ಕೊಂಡವರು ಚೆನ್ನಾಗಿದೆ ಎಂದು ಬರೆದರು. ಅದನ್ನೆಲ್ಲ ಮೊಮ್ಮಗಳು ಅಪ್ಪನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದಳು. ಮಗ ಕಂಪ್ಲಿಯ ಮಾತು ಬಿಟ್ಟಿದ್ದ.

ಶ್ರಾವಣದ ಒಂದು ಶುಕ್ರವಾರ ಆ ತಾಂಡಾದಾಕೆ ತಾನೇ ಗಂಟು ಹೊತ್ತು ಹೊಸಪೇಟೆಗೆ ನಮ್ಮ ಮನೆಗೆ ಬಂದಳು. ನಾನು ಎಂದಿನಂತೆ ಬಿಚ್ಚಿ ನೋಡಿದೆ. ಊಟ ಮಾಡಿಸಿದೆವು. ಹೊರಡುವಾಗ ನನ್ನ ಸೊಸೆ, ಮುತ್ತೈದೆ ಬರಿ ಉಡಿಯಲ್ಲಿ ಹೋಗಬಾರದು ಎಂದು ಕೂರಿಸಿ ಉಡಿ ತುಂಬಿದಳು. ನಾನು ಗಂಡ ಸತ್ತವಳು, ಆ ಕೆಲಸ ನನ್ನ ಕೈಗೆ ಬರುವುದಿಲ್ಲ, ಗೋಡೆಗೆ ಕುಳಿತು ನೋಡಿದೆ. ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ, ಅರಿಶಿನದ ಕೊನೆ, ಎಲೆ ಅಡಿಕೆ. ನಮ್ಮ ಕಡೆ ದಿನವೂ ನಡೆಯುವ ಮಾತಿದು. ಆದರೆ ಆಕೆ ಸೆರಗು ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಸತ್ತ ಮೇಲೆ ಅಣ್ಣತಮ್ಮಂದಿರು ಬಾಗಿಲಿಗೆ ಕರೆದಿರಲಿಲ್ಲವಂತೆ.

"ಇನ್ನ ಇದ ನನ್ನ ತವರು," ಎಂದು ಸೊಸೆಯನ್ನು ಅಕ್ಕ ಎಂದಳು. ನನ್ನ ಕಾಲಿಗೆ ಬಿದ್ದು ಯಾಡಿ ಎಂದಳು. ಅವರ ಮಾತಿನಲ್ಲಿ ಯಾಡಿ ಎಂದರೆ ತಾಯಿ.

ಅಂದಿನಿಂದ ಗಂಟು ಬಿಚ್ಚುವುದು ನಿಂತಿತು. ಯಾರೂ ಬೇಡವೆಂದು ಹೇಳಲಿಲ್ಲ. ಮಗಳು ತಂದ ಗಂಟನ್ನು ಅತ್ತೆಮನೆಯವರು ಬಿಚ್ಚಿ ನೋಡಿಯಾರು, ತವರಿನವರು ನೋಡುವುದಿಲ್ಲ, ಅಷ್ಟೇ. ಒಮ್ಮೆ ಮೊಮ್ಮಗಳು ಗಂಟಿಗೆ ಕೈ ಹಾಕಿದಾಗ ಅವಳ ಅವ್ವ ಕಣ್ಣು ಬಿಟ್ಟಳು. ಕೈ ಹಿಂದಕ್ಕೆ ಬಂತು. ಆಕೆ ಹೋದ ಮೇಲೆ ನೋಡುವುದೂ ಕಳ್ಳತನದಂತೆ ಕಾಣುತ್ತಿತ್ತು. ಮಾಲೇನೋ ಚೆನ್ನಾಗಿಯೇ ಇತ್ತು. ನೋಡದಿದ್ದುದಕ್ಕೆ ನಾವು ಕೆಡಲಿಲ್ಲ, ಹಾಗಾಗಿ ನೋಡದೇ ಇರುವುದು ರೂಢಿಯಾಯಿತು.

ದೀಪಾವಳಿ ಮುಗಿಯಿತು. ಸಂಕ್ರಾಂತಿಯ ಹೊತ್ತಿಗೆ ಫೋನಿನ ಅಂಗಡಿಯಲ್ಲಿ ಎಂದೂ ಬರದಷ್ಟು ಗಿರಾಕಿಗಳು ಬಂದರು. ಮೊಮ್ಮಗಳು ಸಂಡೂರಿಗೆ ಫೋನು ಹಚ್ಚಿ, "ಚಿಗವ್ವ, ಈ ಸಲ ಭಾಳ ಬೇಕಾಗ್ತಾವ. ಆಗ್ತೈತಾ?" ಎಂದು ಕೇಳಿದಳು.

ಆಚೆಯಿಂದ "ಹೂಂ" ಎಂದು ಬಂತು. ಅಷ್ಟೇ. ಅರ್ಧ ಕೊಡ್ತೀನಿ ಎನ್ನಲಿಲ್ಲ, ಕೈ ಸೋತಾವ ಎನ್ನಲಿಲ್ಲ. ನನ್ನ ಕಿವಿಗೆ ಆ ಹೂಂ ಬಿತ್ತು. ಮಗಳಾದವಳು ಹೂಂ ಎನ್ನದೆ ಏನನ್ನುತ್ತಾಳೆ ಎಂದು ಸುಮ್ಮನಾದೆ.

ಗಂಟು ಸಂಡೂರಿನ ಬಸ್ಸಿನಲ್ಲಿ ಬಂತು. ಈ ಸಲ ಪ್ರತಿ ಚೀಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಅಂಟಿಸಿ ಕಳಿಸಿದ್ದಳು. "ಹುಡುಗಿಗೆ ಕೆಲಸ ಕಡಿಮಿ ಆಗ್ಲಿ ಅಂತ ಮಾಡ್ಯಾಳ ನೋಡ್ರಿ ಅತ್ತಿ," ಎಂದು ಸೊಸೆ ಹಿಗ್ಗಿದಳು. ಮೂವರೂ ಕುಳಿತು ವಿಳಾಸದ ಚೀಟಿ ಅಂಟಿಸಿ ಕಳಿಸಿದೆವು.

ವಾರ ತುಂಬುವುದರೊಳಗೆ ಫೋನಿಗೆ ಫೋಟೋಗಳು ಬರತೊಡಗಿದವು. ಉದುರಿದ ಕನ್ನಡಿಗಳು. ಒಳಮೈಯಲ್ಲಿ ಬಿಳಿ ದಾರದ ಮಶೀನು ಹೊಲಿಗೆ. ಈ ಸಲ ಮೊಮ್ಮಗಳು ಬಂದದ್ದನ್ನು ಗಟ್ಟಿಯಾಗಿ ಓದಲಿಲ್ಲ. ನಾನೇ ಅಕ್ಷರ ಕೂಡಿಸಿ ಕೂಡಿಸಿ ಒಂದನ್ನು ಓದಿದೆ: ಬಡ ಹೆಂಗಸರ ಹೆಸರು ಹೇಳಿ ತಿನ್ನುವ ಕಳ್ಳರು. ಆಮೇಲೆ ಓದಲಿಲ್ಲ. ಮೂಟೆಗಳು ಒಂದರ ಮೇಲೊಂದು ವಾಪಸ್ಸು ಬಂದು ಪಡಸಾಲೆ ತುಂಬಿತು. ಒಂದು ಬೆಳಿಗ್ಗೆ ಅಂಗಡಿ ತೆರೆಯಲೇ ಇಲ್ಲ. ಮುಚ್ಚಿದ್ದೇವೆ ಎಂದು ಬರೆದಿತ್ತು.

ನಾನೊಬ್ಬಳೇ ಸಂಡೂರಿಗೆ ಹೋದೆ. ಅವಳ ಜುಟ್ಟು ಹಿಡಿದು ಕೇಳಬೇಕೆಂದೇ ಹೋದೆ. ತಾಂಡಾದಲ್ಲಿ ಸಾಲಿಗೆ ಸಾಲೇ ಬೀಗ ಬಿದ್ದಿತ್ತು. ಬಾಗಿಲ ಮುಂದೆ ಮುದುಕರು, ನಾಯಿಗಳು. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ನನ್ನನ್ನು ನೋಡಿದವಳೇ ಮೊರ ಹಿಡಿದುಕೊಂಡು ಎದ್ದು ನಿಂತಳು.

"ಯಾಕ ಹಿಂಗ ಮಾಡ್ದಿ?" ಎಂದೆ.

"ಹೊಲಿಯೋರು ಯಾರದಾರ ಯಾಡಿ? ದೀಪಾವಳಿ ಆಗಿದ್ದ ತಡ, ಎಲ್ಲಾರು ಕಬ್ಬು ಕಡಿಯಾಕ ಹೋದ್ರು. ವರ್ಷಾ ವರ್ಷಾ ಹೋಗ್ತಾರ."

"ಹಂಗಂತ ಹೇಳಾಕ ಬಾಯಿಗೆ ಏನಾಗಿತ್ತು? ಮೊದ್ಲು ಇಲ್ಲ ಅನ್ನಾಕ ಬರ್ತಿತ್ತಲ್ಲ ನಿನಗ?"

"ಮೊದ್ಲು ನೀವು ಗಿರಾಕಿ ಇದ್ರಿ." ಅವಳ ಕೈ ಇನ್ನೂ ಮೊರದಲ್ಲೇ ಇತ್ತು. "ಉಡಿ ತುಂಬಿಸ್ಕೊಂಡು ತವರಿಗೆ ಇಲ್ಲ ಅನ್ನೋದು ಹೆಂಗ? ಆ ಹುಡುಗಿ ಚಿಗವ್ವ ಅಂತಾಳ. ಇಲ್ಲ ಅಂದ್ರ ಬಾಗಲಾ ಮುಚ್ಚಿಬಿಟ್ರ ಅಂತ ಹೆದರಿಕಿ ಬಂತು."

ಹೆದರಿ ಆಕೆ ಮಾಡಿದ್ದೇನೆಂದರೆ, ಹೊಸಪೇಟೆಯ ಬಜಾರಿಗೇ ಬಂದು ಸಗಟಿನ ಚೀಲ ಕೊಂಡು, ಸಂಡೂರಿಗೆ ಒಯ್ದು, ಕವರಿಗೆ ಹಾಕಿ, ಬಸ್ಸಿನಲ್ಲಿ ಮತ್ತೆ ಹೊಸಪೇಟೆಗೇ ಕಳಿಸಿದ್ದಳು. ನಾವು ಕಾಲಿಂದ ಒದ್ದು ಬಂದ ಮಾಲೇ ಹೊಸ ಗಂಟಿನಲ್ಲಿ ಮನೆಗೆ ಬಂದಿತ್ತು. ಅದಕ್ಕೆ ಅವಳು ತನ್ನ ಕಾಲಿನ ಬೆಳ್ಳಿ ಒತ್ತೆ ಇಟ್ಟಿದ್ದಳು, ಬರಿಗಾಲು ಕಾಣುತ್ತಿತ್ತು.

"ನೀವು ಬಿಚ್ಚಿ ನೋಡ್ತೀರಿ ಅನ್ಕೊಂಡಿದ್ದೆ ಯಾಡಿ," ಎಂದಳು. "ನೋಡಿ ಬೈದು ವಾಪಸ್ ಕಳಿಸಿದ್ರ, ಬಾಯಿ ಬಿಟ್ಟು ಹೇಳೋದು ನನಗ ತಪ್ತಿತ್ತು. ಯಾಕ ನೋಡ್ಲಿಲ್ಲ?"

ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ, ಚಹಾ ಇಟ್ಟರೆ ಕುಡಿಯಲಿಲ್ಲ, ಬಂದ ಬಸ್ಸಿಗೇ ತಿರುಗಿದೆ. ದಾರಿಯುದ್ದಕ್ಕೂ ಅದಿರಿನ ಲಾರಿಗಳು ಎದುರು ಬರುತ್ತಿದ್ದವು. ಬಸ್ಸಿನಲ್ಲಿ ಕುಳಿತು ಯೋಚಿಸಿದೆ: ಆ ಶುಕ್ರವಾರ ಅವಳಿಗೆ ಊಟ ಹಾಕಿ, ದುಡ್ಡು ಕೊಟ್ಟು, ಹೋಗಿ ಬರ್ರಿ ಎಂದು ಕಳಿಸಿದ್ದರೆ ಎರಡೂ ಮನೆ ಉಳಿಯುತ್ತಿದ್ದವು. ಪ್ರೀತಿ ಎಲ್ಲ ಕಡೆಗೂ ಒಳ್ಳೆಯದು ಎನ್ನುವವರು ವ್ಯಾಪಾರ ಮಾಡಿಲ್ಲ.

ಮಗ, 'ನಾನು ಹೇಳಿದ್ದೆ ನೋಡು' ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಗುತ್ತಿತ್ತು. ನನ್ನ ಹೆಸರಿನಲ್ಲಿ ಬೇರೆ ಅಂಗಡಿ ತೆರೆಯೋಣ ಎಂದು ನಾನೇ ಮೊಮ್ಮಗಳಿಗೆ ಹೇಳಿದೆ.

"ತೆರಿಬೌದು ಅಜ್ಜಿ. ಮಾಲು ಯಾರು ಕೊಡ್ತಾರ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನನ್ನು ಕರೆದು, "ಕಂಪ್ಲಿಯವ್ರಿಗೆ ಬರಾಕ ಹೇಳಪ್ಪ," ಎಂದಳು. ಯುಗಾದಿಗೆ ಇನ್ನೂ ದಿನವಿತ್ತು. ಇಷ್ಟು ಜಲ್ದಿ ಯಾಕ ಎಂದು ಸೊಸೆ ಅತ್ತಳು.

ಅವರು ಬಂದರು, ನೋಡಿದರು. ಬಂದ ಹೆಂಗಸರಲ್ಲಿ ಒಬ್ಬಾಕೆ ಸೀರೆ ಸ್ವಲ್ಪ ಎತ್ತಮ್ಮ ಎಂದು ಕಟ್ಟುಗಾಲು ನೋಡಿದಳು. ಮೊಮ್ಮಗಳು ಎತ್ತಿ ತೋರಿಸಿದಳು. ನಾನು ಹೊರಗೆ ಹೋಗಿ ನಿಂತೆ.

ಮದುವೆ ಗುಡಿಯಲ್ಲಿ ಆಯಿತು. ಆಮೇಲೆ ಒಮ್ಮೆ ಕಂಪ್ಲಿಗೆ ಹೋಗಿದ್ದೆ. ಗಂಡ ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಹೆಚ್ಚು ಮಾತೂ ಆಡುವುದಿಲ್ಲ. ಅಡುಗೆಮನೆಯ ಒಲೆ ಕಟ್ಟೆಯ ಮೇಲಿದೆ, ಕುಳಿತು ಬೇಯಿಸಲಾಗದು. ಮೊಮ್ಮಗಳು ಕಟ್ಟುಗಾಲು ಬಿಚ್ಚಿದಾಗ ಹುಣ್ಣು ನೋಡಿದೆ. ಇಬ್ಬರು ಮಕ್ಕಳು ಅವಳನ್ನು ಇನ್ನೂ ಏನೆಂದೂ ಕರೆಯುತ್ತಿಲ್ಲ.

ಊಟಕ್ಕೆ ಕುಳಿತಾಗ ಆ ಮನುಷ್ಯ ತಾನಾಗಿಯೇ ಒಂದು ಮಾತಾಡಿದ. ಒಳ್ಳೆಯ ಮನಸ್ಸಿನಿಂದಲೇ ಆಡಿದ.

"ಫೋನಿನ್ಯಾಗ ಮತ್ತ ಯಾಪಾರ ಶುರು ಮಾಡ್ಬೌದಲ್ಲ? ನಮ್ಮ ಗಿರಣಿ ಅಕ್ಕಿ ಐತಿ. ನಾನ ಕೊಡಸ್ತೀನಿ. ಹೊರಗಿನೋರ ಕಾಟ ಇರಂಗಿಲ್ಲ."

ಮೊಮ್ಮಗಳು ಅವನ ತಟ್ಟೆಗೆ ಸಾರು ಬಿಡುತ್ತಿದ್ದಳು. "ಬ್ಯಾಡ್ರಿ," ಎಂದಳು. "ಮನಿಯವ್ರು ಕೊಟ್ಟ ಚೀಲ ಬಿಚ್ಚಿ ನೋಡಾಕ ನಮಗ ಬರಂಗಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ. ನಾನು ಅನ್ನ ಕಲಸಿಕೊಂಡೆ. ಅವನು ಉಂಡು ಗಿರಣಿಗೆ ಹೋದ.