ಕ್ರಂಬಲ್ ಮೇಲೆ ಅಜ್ಜಿಯ ಮಾದಲಿ

ಕಾನ್ವೆಂಟ್ ಹಾಸ್ಟೆಲಿನಿಂದ ಬೇಸಿಗೆ ರಜೆಗೆ ಶಿಕಾರಿಪುರದ ಮನೆಗೆ ಬಂದರೆ ಅಜ್ಜಿಯ ಎದುರು ನನಗೆ ಪ್ರತಿ ವರ್ಷವೂ ಒಂದು ವೈವಾ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ಮಾತ್ರ ಅದು ಫೈನಲ್ ಎಗ್ಸಾಮೇ ಆಗಿಬಿಟ್ಟಿತು. "ಓದಿದ್ದು ಸಾಕು, ಜೂನಿಗೆ ಕಳಿಸೋದು ಬ್ಯಾಡ" ಎಂದು ಅಜ್ಜಿ ಅಪ್ಪನಿಗೆ ಹೇಳಿಯಾಗಿತ್ತು. ಅಡಿಕೆ ಮಂಡಿಯಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದ ಅಪ್ಪ, ಅಜ್ಜಿಯ ಮುಂದೆ ಮೌನಿ.

"ಅಲ್ಲಿ ಅಡಿಗೆ ಕ್ಲಾಸೂ ಇದೆ ಅಜ್ಜಿ" ಎಂದೆ.

"ಹೌದಾ? ಹಂಗಾದ್ರೆ ಏನಾರ ಮಾಡಿ ತೋರಿಸು. ಬಾಯಿಗಿಡಂಗಿದ್ರೆ ಹೋಗೀಯಂತೆ. ಮೊಟ್ಟೆ ಗಿಟ್ಟೆ ಸೋಕಿಸಿದ್ರೆ ಪಾತ್ರೆ ಸಮೇತ ಹಿತ್ತಲಿಗೆ!"

ಮೊಟ್ಟೆಯಿಲ್ಲದ್ದು ನನಗೆ ಬರುತ್ತಿದ್ದದ್ದು ಒಂದೇ, ಫ್ರೂಟ್ ಕ್ರಂಬಲ್. ವೆರಿ ಸಿಂಪಲ್. ಕೆಳಗೆ ಹಣ್ಣು, ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆಯನ್ನು ಬೆರಳ ತುದಿಯಲ್ಲಿ ಉಜ್ಜಿದ ಉದುರು. ನೀರು ಒಂದು ಹನಿಯೂ ಬೀಳಬಾರದು. ಸೊರಬದ ಸೋದರತ್ತೆ ಬಸ್ಸಿನಲ್ಲಿ ಕಳಿಸಿದ್ದ ಅನಾನಸ್ ಹೆಚ್ಚಿ, ಬೆಲ್ಲ ಹಾಕಿ ಬಾಡಿಸಿ, ದಪ್ಪ ತಳದ ಪಾತ್ರೆಯಲ್ಲಿ ಹರಡಿದೆ. ಉದುರನ್ನು ಮರಳಿನ ಹಾಗೆ ಉಜ್ಜಿಟ್ಟು, ಬಚ್ಚಲೊಲೆಯಿಂದ ಕೆಂಡ ತರಲು ಹೋದೆ. ಓವನ್ ಎಲ್ಲಿಂದ ಬರಬೇಕು! ಅಡಿಗೂ ಕೆಂಡ, ಮುಚ್ಚಳದ ಮೇಲೂ ಕೆಂಡ, ಅದು ನನ್ನ ಪ್ಲಾನ್. ಈಗ ಗುಂಡಿ ತಿರುಗಿಸಿದರೆ ಸಾಕು. ಆದರೆ ಆ ಹೊಗೆಯ ಘಮ, ಓಹ್, ಅದೆಲ್ಲಿ ಸಿಗಬೇಕು.

ವಾಪಸ್ ಬಂದರೆ ನನ್ನ ಉದುರು ಮಾಯ! ತಟ್ಟೆಯಲ್ಲಿ ನುಣ್ಣಗೆ ಹೊಳೆಯುವ ಹಿಟ್ಟಿನ ಉಂಡೆ. ಪಕ್ಕದಲ್ಲಿ ಅಜ್ಜಿ ಕೈ ತೊಳೆಯುತ್ತಿದ್ದಾಳೆ.

"ನೀರು ಹಾಕೋದೇ ಮರೆತಿದ್ದೆ ನೋಡು ನೀನು, ಪಾಪ. ನಾದಿಟ್ಟೀನಿ."

ನನಗೆ ಅಳುವೇ ಬಂತು. "ಅದು ಉದುರಾಗೇ ಇರಬೇಕಿತ್ತು ಅಜ್ಜಿ! ಇನ್ನು ನನ್ನನ್ನ ಕಳಿಸಲ್ಲ ನೀನು!"

"ಉದುರು ತಾನೇ ಬೇಕು? ಅದಕ್ಯಾಕೆ ಇಷ್ಟು ರಂಪ? ಹಬ್ಬಕ್ಕೆ ಮಾದಲಿ ಮಾಡಲ್ವಾ ನಾವು?"

ಅಜ್ಜಿ ಆ ಉಂಡೆಯನ್ನು ದಪ್ಪಗೆ ಲಟ್ಟಿಸಿ, ಹೆಂಚಿನ ಮೇಲೆ ಗರಿಗರಿ ಬೇಯಿಸಿ, ಒರಳಿಗೆ ಮುರಿದು ಹಾಕಿ ಕುಟ್ಟಿದಳು. ಏಲಕ್ಕಿ, ಕೊಬ್ಬರಿ, ಗಸಗಸೆ ಬೆರೆಸಿದಳು. "ಈಗ ಹಾಕು ನಿನ್ನ ಹಣ್ಣಿನ ಮೇಲೆ."

ಕೆಂಡ ಸರಿಸಿ ಮುಚ್ಚಳ ತೆಗೆದಾಗ ಎದ್ದ ಪರಿಮಳಕ್ಕೆ, ಮಂಡಿಗೆ ಹೊರಟಿದ್ದ ಅಪ್ಪ ಚಪ್ಪಲಿ ಬಿಚ್ಚಿ ಒಳಗೆ ಬಂದರು. ಎರಡು ಸಲ ಹಾಕಿಸಿಕೊಂಡರು. ಅಜ್ಜಿ ತುಪ್ಪ ಸುರಿದುಕೊಂಡು ಒಂದು ತುತ್ತು ತಿಂದಳು, ಮತ್ತೊಂದು ತಿಂದಳು.

"ಪಾಸೋ ಫೇಲೋ ಹೇಳು ಅಜ್ಜಿ!"

"ಹಣ್ಣು ಚೆನ್ನಾಗೈತೆ. ಆದ್ರೆ ನಿಮ್ಮ ಸಿಸ್ಟರಮ್ಮನೋರಿಗೆ ಉದುರು ಮಾಡಾಕೆ ಬರಲ್ಲ ಅಂತ ಗೊತ್ತಾತು. ಹಸೀ ಹಿಟ್ಟು ಉದುರಿಸ್ತಾರಂತೆ! ಜೂನಿಗೆ ಹೋದಾಗ ನೀನೇ ಹೇಳಿಕೊಡು."

ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. "ಬಸ್ಸಿಗೆ ಸೀಟು ಹೇಳಿಟ್ಟಿರ್ತೀನಿ" ಎಂದರು, ಅಷ್ಟೇ.

ಜೂನಿನಲ್ಲಿ ನನ್ನ ಟ್ರಂಕಿನೊಳಗೆ, ಯೂನಿಫಾರ್ಮಿನ ಮೇಲೆ, ಮಾದಲಿ ಡಬ್ಬಿ ಇಟ್ಟವಳು ಅಜ್ಜಿಯೇ. ಬಸ್ಸು ಹೊರಟ ಮೇಲೂ ಕಿಟಕಿಯ ಪಕ್ಕ ಹೆಜ್ಜೆ ಹಾಕುತ್ತ ಕೂಗಿ ಹೇಳಿದಳು: "ನೀರು ಹಾಕಿ ನಾದಬೇಕು ಅಂತ ಹೇಳು ಅವರಿಗೆ, ಮರೀಬ್ಯಾಡ!"