ಕುಡುಕನ ಹಿಂದೆ ಇಳಿದುಹೋದ ಅಯ್ಯನವರು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಶಾಲಾ ಮೇಷ್ಟ್ರಾಗಿದ್ದೆ. ಮೂರು ದಿನದ ಪ್ರಾರ್ಥನಾ ಕೂಟವೊಂದಕ್ಕೆ ಹೋಗಿ ಬಂದವನೇ, ಊರಿನವರನ್ನೆಲ್ಲ ನರಕದಿಂದ ಎಳೆದು ತರುವ ಗುತ್ತಿಗೆ ಹಿಡಿದುಬಿಟ್ಟೆ. ನನಗೆ ದಿನಾ ಮಜ್ಜಿಗೆ ಕೊಡುತ್ತಿದ್ದ ಮನೆಯೊಡತಿಗೂ, ಅವರ ಹಣೆಯ ವಿಭೂತಿ ಕೆಲಸಕ್ಕೆ ಬಾರದೆಂದು ಹೇಳುತ್ತಿದ್ದೆ. ಮಜ್ಜಿಗೆ ಮಾತ್ರ ತಪ್ಪದೆ ಕುಡಿಯುತ್ತಿದ್ದೆ.

ಒಂದು ಭಾನುವಾರ ನಮ್ಮ ಚರ್ಚಿನ ವಯಸ್ಸಾದ ಪಾದ್ರಿ ಅಯ್ಯನವರ ಜೊತೆ ತೆರಕಣಾಂಬಿಗೆ ಆರಾಧನೆ ನಡೆಸಲು ಹೊರಟೆ. ಬಸ್ಸು ತುಂಬಿತ್ತು. ತಪ್ಪಿಸಿಕೊಳ್ಳಲಾಗದ ಇಷ್ಟು ಜನ ಒಟ್ಟಿಗೆ ಮತ್ತೆ ಸಿಗುವುದುಂಟೇ? ಎದ್ದು ನಿಂತು ನರಕದ ಬೆಂಕಿಯನ್ನು ಬಣ್ಣಿಸತೊಡಗಿದೆ.

"ಸ್ವಾಮಿ, ನರಕಕ್ಕೆ ಆಮೇಕೆ ಓಗನ. ಈಗ ವಸಿ ಜರುಗಿ, ಟಿಕೇಟ್ ಕೊಡ್ಬೇಕು," ಎಂದ ಕಂಡಕ್ಟರ್.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಕುಡುಕನೊಬ್ಬ ನನ್ನ ಬಿಳಿ ಅಂಗಿಯ ಮೇಲೆ ವಾಂತಿ ಮಾಡಿಕೊಂಡ. "ನೋಡಿ, ಪಾಪದ ಫಲ!" ಎಂದು ಕೂಗಿ, ಅವನನ್ನು ಇಳಿಸಲೇಬೇಕೆಂದು ಹಟ ಹಿಡಿದೆ. ಕಂಡಕ್ಟರ್ ಸೀಟಿ ಊದಿದ. ಕುಡುಕ ತೂರಾಡುತ್ತಾ ಇಳಿದ. ಅವನ ಹಿಂದೆಯೇ ಅಯ್ಯನವರೂ ಚೀಲ ಹಿಡಿದು ಇಳಿದರು.

"ಅಯ್ನೋರೆ, ನಿಮ್ಮುನ್ನಲ್ಲ ಇಳ್ಸಿದ್ದು!" ಎಂದ ಕಂಡಕ್ಟರ್.

"ಗೊತ್ತು ಕಣಪ್ಪ. ಬಿಸ್ಲು ಜೋರಾಗದೆ, ಬಿದ್ದುಗಿದ್ದಾನು. ಮನೆಗಂಟ ಬುಟ್ಟು ಬತ್ತೀನಿ."

ನಾನು ಇಳಿಯಲಿಲ್ಲ. ಆರಾಧನೆಗೆ ತಡವಾಗಬಾರದಲ್ಲ! ನಾರುವ ಅಂಗಿಯಲ್ಲೇ ತೆರಕಣಾಂಬಿ ತಲುಪಿ, ಕರುಣೆಯ ಬಗ್ಗೆ ಮುಕ್ಕಾಲು ಗಂಟೆ ಬೋಧಿಸಿದೆ. ಮುಗಿದ ಮೇಲೆ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು, "ಅಯ್ನೋರು ಎಲ್ಲಪ್ಪ?"

"ಒಬ್ಬ ಕುಡುಕನನ್ನ ಮನೆ ಮುಟ್ಟಿಸೋಕೆ ದಾರೀಲಿ ಇಳಿದ್ರು."

"ಮತ್ತೆ ನೀನ್ಯಾಕಪ್ಪ ಬಂದೆ?"

ಅಷ್ಟರಲ್ಲೇ ಅಯ್ಯನವರು ಬೆವರುತ್ತಾ ನಡೆದು ಬಂದರು. ತಡವಾದದ್ದಕ್ಕೆ ಎಲ್ಲರ ಕ್ಷಮೆ ಕೇಳಿದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದ ನನಗೆ, "ಅಂಗಿ ಬಿಚ್ಚು ಮಗ, ಒಣಗ್ಬುಟ್ರೆ ಕರೆ ಓಗಲ್ಲ," ಎಂದರು. ನಾನು ಬೇಡವೆಂದರೂ ಬಿಡದೆ, ಬಾವಿಯ ಬಳಿ ಕೂತು ತಾವೇ ಉಜ್ಜತೊಡಗಿದರು. ನಾನು ಬನಿಯನ್ನಿನಲ್ಲಿ ನಿಂತು ನೀರು ಸೇದಿಕೊಟ್ಟೆ. ಬಂದವರೆಲ್ಲ ನೋಡುತ್ತಿದ್ದರು.

"ಅವನಿಗೆ ಏನಾದ್ರೂ ಬುದ್ಧಿ ಹೇಳಿದ್ರಾ?" ಎಂದು ಮೆಲ್ಲಗೆ ಕೇಳಿದೆ.

"ಅವನೇ ಯೋಳ್ತಿದ್ದ ಕಣಪ್ಪ. ಹೆಂಡ್ತಿ ಸತ್ತು ತಿಂಗ್ಳಾಯ್ತಂತೆ. ನಾನು ಕೇಳಿಸ್ಕಂಡೆ, ಅಷ್ಟೆಯ."

ನನ್ನ ತಲೆ ತಾನಾಗಿ ತಗ್ಗಿತು. ಆ ವರ್ಷ ಬೋಧಿಸಲು ಕರೆದರೂ ನಾನು ಹೋಗಲಿಲ್ಲ. ಚರ್ಚಿನಲ್ಲಿ ಚಾಪೆ ಹಾಸುವ ಕೆಲಸವನ್ನು ಕೇಳಿ ಪಡೆದುಕೊಂಡೆ. ಚಾಪೆ ಹಾಸುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ಗಮನಿಸುವ ಚಟ ಬಿಡಲು ಇನ್ನೆರಡು ವರ್ಷ ಹಿಡಿಯಿತು.